ಇಳಿಜಾರಿನ ಮೇಲೆ ಕೋಸಿನ ಪೀಪಾಯಿಗಳಿರುವ ಅವಧಿಯಲ್ಲಿ ಗಾಲಿಕುರ್ಚಿಯ ಸಂಚಾರ ಕುರಿತು

ಸುತ್ತೋಲೆ ಸಂಖ್ಯೆ: ಇಜಾ/ಕೋಸು/೪೧ (ಮೂರನೇ ಬಾರಿಗೆ ಹೊರಡಿಸಿದ್ದು)
ದಿನಾಂಕ: ನವೆಂಬರ್ ೧೯

ವಿಷಯ: ದೋಲ್ನಾ ಮಹಲಾ ಕೇರಿಯ ಪ್ರಾಥಮಿಕ ಶಾಲೆಯ ಇಳಿಜಾರಿನ ಸದ್ಬಳಕೆ.

ಉಲ್ಲೇಖ: (೧) ಶಾಲೆಯ ಜವಾನ ಮಿತ್ಕೊ ಅವರ ಮೌಖಿಕ ದೂರು. (೨) ವಿದ್ಯಾರ್ಥಿನಿ ಸೆವ್ದಾಳ ತಾಯಿ ಶಿನ್ಕಾ ಅವರ ಹನ್ನೊಂದು ಲಿಖಿತ ಅರ್ಜಿಗಳು (ಲಕೋಟೆ ಒಡೆದಿರುವುದಿಲ್ಲ).

ಎರಡನೇ ತರಗತಿಯ ಸೆವ್ದಾಳಿಗೆ ಹುಟ್ಟಿನಿಂದ ನಡೆಯಲು ಬಾರದ ಕಾರಣ, ಶಾಲೆಯ ಬಾಗಿಲಿನ ಐದು ಮೆಟ್ಟಿಲುಗಳ ಪಕ್ಕ ಇಲಾಖೆಯು ಇಳಿಜಾರೊಂದನ್ನು ಕಟ್ಟಿಸಿ, ರಿಬ್ಬನ್ ಕತ್ತರಿಸಿ, ಫೋಟೊ ತೆಗೆಸಿಕೊಂಡಿರುತ್ತದೆ. ಸದರಿ ಇಳಿಜಾರು ನೆರಳಿನಲ್ಲಿದ್ದು, ಚಳಿಗಾಲದ ಎಲೆಕೋಸನ್ನು ಹುಳಿಹಾಕಲು, ದಿನ ಬಿಟ್ಟು ದಿನ ಪೀಪಾಯಿಯ ತಳದ ನಲ್ಲಿಯಿಂದ ಉಪ್ಪುನೀರು ಇಳಿಸಿ ಮತ್ತೆ ಮೇಲಿಂದ ಸುರಿಯಲು ಹೇಳಿಮಾಡಿಸಿದಂತಿದೆಯೆಂದು ಸಿಬ್ಬಂದಿ ಕಂಡುಕೊಂಡಿದ್ದಾರೆ. ಸದ್ಯ ಅಲ್ಲಿ ಆರು ಪೀಪಾಯಿಗಳಿವೆ. ಆದ್ದರಿಂದ ಈ ಕೆಳಕಂಡಂತೆ ಆದೇಶಿಸಲಾಗಿದೆ.

೧. ಕೋಸು ಹದಕ್ಕೆ ಬರಲು ನಲವತ್ತು ದಿನ ಬೇಕು. ಅಲ್ಲಿಯವರೆಗೆ ಇಳಿಜಾರಿನ ಮೇಲೆ ಗಾಲಿಯುಳ್ಳ ಯಾವುದನ್ನೂ ತರತಕ್ಕದ್ದಲ್ಲ, ಉಪ್ಪುನೀರು ಕದಡುತ್ತದೆ.

೨. ಸತತ ನಲವತ್ತು ದಿನ ಗೈರಾದ ವಿದ್ಯಾರ್ಥಿಯ ಹೆಸರನ್ನು ಹಾಜರಿ ಪುಸ್ತಕದಿಂದ ತೆಗೆದುಹಾಕತಕ್ಕದ್ದು. ಈ ಎರಡೂ ಅವಧಿಗಳು ಒಂದೇ ದಿನ ಮುಗಿಯುವುದಕ್ಕೆ ಇಲಾಖೆಯಾಗಲಿ ಕೋಸಾಗಲಿ ಹೊಣೆಯಲ್ಲ.

೩. ಪೀಪಾಯಿಗಳು ಸರಿಯಬೇಕೆಂದು ಸೆವ್ದಾ ಬಯಸಿದಲ್ಲಿ, ಕಳೆದ ವರ್ಷದಿಂದ ಈಚೆಗೆ ತನ್ನ ಕಾಲು ಸರಿಹೋಗಿಲ್ಲವೆಂಬ ಪ್ರಮಾಣಪತ್ರವನ್ನು ಖುದ್ದಾಗಿ ಬಂದು ಪಡೆಯತಕ್ಕದ್ದು. ಅದನ್ನು ಕೊಡುವ ವೈದ್ಯಕೀಯ ಮಂಡಳಿ ಕೂರುವುದು ಇಲಾಖೆಯ ಕಚೇರಿಯ ಮೂರನೇ ಮಹಡಿಯಲ್ಲಿ. ಲಿಫ್ಟ್ ಇದೆ, ಅದರ ಪ್ರಮಾಣಪತ್ರವೂ ಬಾಕಿಯಿದೆ.

೪. ಶಿನ್ಕಾ ಅವರು ಬೆಳಗಿನ ಜಾವ ಬೀದಿ ಗುಡಿಸುವ ಕೆಲಸ ಮುಗಿಸಿ ಬಂದು, ಮಗಳನ್ನು ಬೆನ್ನ ಮೇಲೆ ಹೊತ್ತು ಮೆಟ್ಟಿಲು ಹತ್ತಿಸುತ್ತಿದ್ದುದು ಗಮನಕ್ಕೆ ಬಂದಿದೆ. ಸದರಿ ಬೆನ್ನು ಇಲಾಖೆಯ ಸಲಕರಣೆ ಪಟ್ಟಿಯಲ್ಲಿ ಇರುವುದಿಲ್ಲ. ಹುಡುಗಿ ಬೆಳೆಯುತ್ತಿದ್ದಾಳೆ, ಬೆನ್ನು ಬೆಳೆಯುತ್ತಿಲ್ಲ. ಭಾರಮಿತಿ ಪರೀಕ್ಷಿಸಿ ಮೊಹರು ಒತ್ತುವವರೆಗೆ ಅದನ್ನು ಶಾಲೆಯ ಮೆಟ್ಟಿಲ ಮೇಲೆ ಬಳಸತಕ್ಕದ್ದಲ್ಲ.

೫. ಅಕ್ಟೋಬರ್ ೩೦ರಂದು ಶಿನ್ಕಾ ಅವರು, "ಮಿತ್ಕೊ ಅಣ್ಣ, ನಿನ್ ಕೋಸೇನು ಎರಡನೇ ಕ್ಲಾಸ್ ಪಾಸ್ ಮಾಡ್ಬೇಕಾ? ಅದನ್ನ ಮನೇಲಿಟ್ಕೊ, ನನ್ ಮಗಳನ್ನ ಒಳಗ್ ಬಿಡು" ಎಂದಿದ್ದು, ಜವಾನರು, "ನಾನೇನ್ ಮಾಡ್ಲಿ ತಾಯಿ, ಎರಡು ಹೆಡ್‌ಮೇಡಮ್ಮೋರ್ದು, ಮಿಕ್ಕಿದ್ದು ಇಸ್ಕೂಲ್ ಇನ್‌ಸ್ಪೆಕ್ಟರ್ ಸಾಹೇಬ್ರದ್ದು. ನಂದು ಅಂತ ಇರೋದು ಕೋಸು ಅದುಮೋಕೆ ಮೇಲಿಟ್ಟಿರೋ ಕಲ್ಲೊಂದೇ" ಎಂದು ಉತ್ತರಿಸಿದ್ದಾರೆ. ಈ ಮಾತುಕತೆ ನಡೆದೇ ಇಲ್ಲವೆಂದು ದಾಖಲಿಸಿಕೊಳ್ಳಲಾಗಿದೆ.

೬. ಮರುದಿನದಿಂದ ಸೆವ್ದಾಳ ಉಪಾಧ್ಯಾಯಿನಿ ಕಲಿನಾ ಅವರು ತಮ್ಮ ತರಗತಿಯ ಮಕ್ಕಳಿಂದ ಬೆಂಚು ಹೊರಿಸಿ, ಅಂಗಳದ ಅಕ್ರೋಟು ಮರದಡಿ, ಗಾಲಿಕುರ್ಚಿಯ ಸುತ್ತ ಪಾಠ ನಡೆಸುತ್ತಿದ್ದಾರೆ. ಅಂಗಳವು ಶಾಲೆಯ ಒಳಗೆ ಬರುವುದಿಲ್ಲವಾದ್ದರಿಂದ ಇಪ್ಪತ್ತೂ ಮಕ್ಕಳನ್ನು ಗೈರೆಂದು ಗುರುತಿಸಲಾಗಿದೆ. ಅವರು ರಸ್ತೆಗೆ ಕೇಳುವಂತೆ ಮಗ್ಗಿ ಹೇಳುವುದರಿಂದ ಗೈರಿಗೆ ಯಾವುದೇ ಬಾಧಕವಿಲ್ಲ. ಹಿಮ ಬಿದ್ದೊಡನೆ ಪಾಠ ತಾನಾಗಿ ನಿಲ್ಲುವುದೆಂದು ಇಲಾಖೆ ನಿರೀಕ್ಷಿಸಿತ್ತು. ಮೊನ್ನೆ ಹಿಮ ಬಿತ್ತು. ಕೇರಿಯ ಅಜ್ಜಿಯರು ಕಂಬಳಿಗಳನ್ನೂ ಒಂದು ಕಬ್ಬಿಣದ ಒಲೆಯನ್ನೂ ತಂದಿಟ್ಟಿರುವುದು ನಿಯಮಬಾಹಿರ.

೭. ಇತರ ತರಗತಿಗಳೂ ಅದೇ ದಿನ ಬೆಂಚು ಹೊತ್ತು ಹೊರಬಂದಿರುವುದರಿಂದ, ನಲವತ್ತೊಂದನೇ ದಿನ ಶಾಲೆಯಲ್ಲಿ ಒಬ್ಬ ವಿದ್ಯಾರ್ಥಿಯೂ ಉಳಿಯುವುದಿಲ್ಲ. ಅಂದು ಕಟ್ಟಡವನ್ನು ಪೀಪಾಯಿಗಳಿಗೆ ವಹಿಸಲಾಗುವುದು. ಅವುಗಳನ್ನು ಮೆಟ್ಟಿಲ ಮೇಲೆ ಎತ್ತುವುದು ಕಷ್ಟವಾದ್ದರಿಂದ, ಇಳಿಜಾರಿನ ಮೂಲಕ ಸಲೀಸಾಗಿ ಒಳಕ್ಕೆ ಉರುಳಿಸತಕ್ಕದ್ದು. ಇಳಿಜಾರು ಕಟ್ಟಿಸಿದ ಉದ್ದೇಶ ಹೀಗೆ ಸಂಪೂರ್ಣವಾಗಿ ಈಡೇರುತ್ತದೆ.

ಸಹಿ/- (ಮೊಹರಿನಡಿ ಕಾಣಿಸದು)
ಪ್ರಭಾರ ಅಧಿಕಾರಿ, ಇಳಿಜಾರು ಉಪವಿಭಾಗ

ಪ್ರತಿಗಳು:
ಮುಖ್ಯೋಪಾಧ್ಯಾಯಿನಿಯವರಿಗೆ, ಎರಡು, ಪೀಪಾಯಿಗೊಂದರಂತೆ.
ಜವಾನ ಮಿತ್ಕೊ ಅವರಿಗೆ, ಕಲ್ಲಿನಡಿ ಇಡಲು.
ಶಿನ್ಕಾ ಅವರಿಗೆ, ಮೂರನೇ ಮಹಡಿಯ ಸೂಚನಾ ಫಲಕದಲ್ಲಿ. ಮಗಳೊಂದಿಗೆ ಬಂದು ಓದಿಕೊಳ್ಳುವುದು.
ಕುಮಾರಿ ಸೆವ್ದಾಳಿಗೆ, ಮನೆಯ ವಿಳಾಸಕ್ಕೆ. ಹಿಂದಿನ ಎರಡು ಪ್ರತಿಗಳೂ ಅಂಚೆಯವನ ಈ ಷರಾದೊಂದಿಗೆ ಮರಳಿವೆ: "ಮನೇಲಿಲ್ಲ ಸ್ವಾಮಿ. ಹಗಲೊತ್ತು ಹೋದ್ರೆ ಸಿಗಲ್ಲ, ಇಸ್ಕೂಲಿಗೆ ಹೋಗಿರ್ತಾಳೆ."