ಕಾಗಿ ಫೈನಲ್‌ಗ ಬರಬೇಕೋ ಬ್ಯಾಡೋ

ನಾನು ಮಾತು ಕಡಿಮಿ ಆಡವ. ಅದಕ್ಕೇ ಏನೋ, ಮಾತಿನ ಮಂದಿ ನನ್ನನ್ನೇ ಹುಡುಕಿಕೊಂಡು ಬರ್ತಾರ. ಬೀದರದಾಗ ನನ್ನದು ಕಟಿಂಗ್ ಅಂಗಡಿ. ಎರಡು ಕುರ್ಚಿ, ಒಂದು ಬೆಂಚು, ಗ್ವಾಡಿ ಮ್ಯಾಲ ಒಂದು ಟೀವಿ. ಕತ್ರಿ ಒಂದೇ ನನ್ನ ಕೈಯಾಗ. ಉಳಿದದ್ದೆಲ್ಲ ಗಿರಾಕಿಗಳ ಕೈಯಾಗ.

ಟಾಸ್ ಆಗ್ಲಿ

ಒಂದು ಶನಿವಾರ ಮುಂಜಾನಿ. ಬೆಂಚಿನ ಮ್ಯಾಲ ಕಂಡಕ್ಟರ್ ಸಾಹೇಬ್ರು ಕುಂತಿದ್ದರು. ಊರು ಭಾಲ್ಕಿ. ನೌಕರಿ ಮುಗಿದು ಬೀದರದಾಗ ಮನಿ ಮಾಡ್ಯಾರ. ಸೀಟಿ ಬಿಟ್ಟರೂ ದನಿ ಬಿಟ್ಟಿಲ್ಲ.

ಅವರೇ ಟೀವಿ ಹಚ್ಚಿದರು. ಆಸ್ಟ್ರೇಲಿಯಾದ ಮೈದಾನ. ಕ್ರಿಕೆಟ್ ನೋಡಿ ನೋಡಿ ಅವರಿಗೆ ಗುರುತಿತ್ತು. ಆದ್ರ ಮೈದಾನದ ತುಂಬ ಮಂದಿ. ತೋಳಿಲ್ಲದ ಅಂಗಿ, ಗಿಡ್ಡ ಚಡ್ಡಿ. ಮಾವಿನಕಾಯಿಯಂಥಾ ಚೆಂಡಿನ ಸಲುವಾಗಿ ಒಬ್ಬರ ಮ್ಯಾಲೊಬ್ಬರು ಬೀಳಕತ್ತಿದ್ದರು.

"ಸಾಹೇಬ್ರ, ಜಗಳ ನಡದದಲ್ರಿ."

"ಪ್ರಾಕ್ಟೀಸ್ ಅದ. ಟಾಸ್ ಆಗ್ಲಿ ತಡಿ."

ಹೊತ್ತು ಹೋತು. ಕಂಬದ ಹತ್ತಿರ ಟೊಪ್ಪಿಗಿ ಹಾಕಿದವ ಒಬ್ಬ ಎರಡೂ ಕೈಯಿಂದ ಬೊಟ್ಟು ತೋರಿಸಿದ. ಆಮ್ಯಾಲ ಎರಡು ಬಾವುಟ ಬೀಸಿದ.

"ನೋಡು, ಅಂಪೈರ್ ಬಂದ."

"ಔಟ್ ಆದವರು ಯಾರ್ರಿ?"

"ಅದನ್ನೇ ನೋಡ್ಲಿಕತ್ತೇನಿ."

ಮಧ್ಯಾಹ್ನಕ್ಕ ಎಲ್ಲಾರೂ ಕೈ ಕೊಟ್ಟು ಒಳಗ ಹೋದರು. ಸಾಹೇಬ್ರು ಸಿಟ್ಟಿಗೆದ್ದರು. "ಇಡೀ ಮುಂಜಾನಿ ಕಾದೆ. ಮಳಿ ಇಲ್ಲ, ಏನಿಲ್ಲ. ಮ್ಯಾಚ್ ರದ್ದ ಮಾಡಿ ಹೋದ್ರಲ್ಲೋ."

ತಪ್ಪಿದವನಿಗೂ ಒಂದು

ಕ್ರಿಕೆಟ್ ಅಲ್ಲ, ಅದು ಅವರ ಕಡಿ ಫುಟ್‌ಬಾಲ್ ಅಂತ ತಿಳಿಯಲಿಕ್ಕ ಇನ್ನೆರಡು ಶನಿವಾರ ಬೇಕಾದವು. ತಿಳಿಸಿದವ ನನ್ನ ಹೆಂಡತಿ ತಮ್ಮ. ನಾನು ಅವಗ ಅಳಿಯ ಅಂತೇನಿ, ಅವ ನನಗ ದಾಜಿ ಅಂತಾನ. ಔರಾದದವ. ಶನಿವಾರ ಉದ್ದು, ತೊಗರಿ ತಗೊಂಡು ಬೀದರ ಮಾರ್ಕೆಟ್ಟಿಗೆ ಬರ್ತಾನ. ಬಂದವ ನನ್ನ ಅಂಗಡ್ಯಾಗೇ ಕೂಡ್ತಾನ.

"ದಾಜಿ, ನಡುವಿನ ಎರಡು ಕಂಬದ ಒಳಗ ಹೊಡದ್ರ ಆರು. ಗುರಿ ತಪ್ಪಿ ಬಾಜೂ ಹೋದ್ರ ಒಂದು."

"ತಪ್ಪಿದ್ರೂ ಕೊಡ್ತಾರ?"

"ಕೊಡ್ತಾರ."

ಇಂಥಾ ಕಾಯ್ದೆ ನಮ್ಮ ಸಾಲ್ಯಾಗ ಇದ್ದಿದ್ದರ ನಾನು ನಾಕನೇ ಈಯತ್ತೆ ಪಾಸಾಗ್ತಿದ್ದೆ.

ಆವಾಗ ನನ್ನಾಕಿ ಇದ್ದಳು. ಬುತ್ತಿ ತರಾಕಿ. ಬಾಗಲದಾಗ ನಿಂತು ಒಂದು ಗಳಿಗಿ ಟೀವಿ ನೋಡಾಕಿ. ಯಾವ ಟೀಮಿನ ಹೆಸರೂ ಆಕಿ ಕೇಳಲಿಲ್ಲ. "ಇಷ್ಟು ಬೀಳ್ತಾರ. ಮನ್ಯಾಗ ಇವರ ಬೆನ್ನಿಗೆ ಎಣ್ಣಿ ಹಚ್ಚವರು ಯಾರ್ರಿ?" ಅಂದಳು. ಕಂಡಕ್ಟರ್ ಸಾಹೇಬ್ರು, ನನ್ನ ಅಳಿಯ ಇಬ್ಬರೂ ಸುಮ್ಮನಾದರು. ಅವರನ್ನ ಸುಮ್ಮನಿರಿಸಿದಾಕಿ ಆಕಿ ಒಬ್ಬಾಕಿನೇ. ಹೋದ ಕಾರ್ತೀಕದಾಗ ತೀರಿಕೊಂಡಳು. ಅವತ್ತಿಂದ ನನ್ನ ಅಂಗಡ್ಯಾಗ ಲಗಾಮಿಲ್ಲ.

ಎಡಗಡಿ ಗಡ್ಡ

ಈ ವರ್ಷ ನಾಕು ಟೀಮು ಉಳಿದವು. ಒಂದರದು ಸಿಂಹ, ಒಂದರದು ಬೆಕ್ಕು, ಒಂದರದು ಗಿಡಗ. ನಾಕನೇದರ ಗುರುತು ಕರಿ-ಬಿಳಿ ಹಕ್ಕಿ. ಅದಕ್ಕ ಏನಂತಾರೋ ನಮಗ ಗೊತ್ತಿಲ್ಲ. ಕಾಗಿ ಅಂದ್ವಿ. ಕಂಡಕ್ಟರ್ ಸಾಹೇಬ್ರು ಕಾಗಿ ಕಡಿಯವರು. ಅಳಿಯ ಬೆಕ್ಕಿನ ಕಡಿಯವ. ಫೈನಲ್ ಯಾರ ನಡುವ ಆಗಬೇಕು? ಇದೇ ಮಾತು. ಆಡವರು ಅಲ್ಲಿ. ಬಡಿದಾಡವರು ಇಲ್ಲಿ.

"ಕಾಗಿ-ಗಿಡಗ ಆಗಬೇಕು. ಅದು ಫೈನಲ್ ಅಂದ್ರ" ಅಂದರು ಸಾಹೇಬ್ರು.

ಅಳಿಯ ನನ್ನ ಕುರ್ಚ್ಯಾಗಿದ್ದ. ಬಲಗಲ್ಲ ಮುಗಿದಿತ್ತು. ಎಡಗಲ್ಲಕ್ಕ ನೊರಿ. "ಬೆಕ್ಕು-ಸಿಂಹ. ಕಾಗಿ ಬಂದ್ರ ಫೈನಲ್ ನೋಡಂಗಿಲ್ಲ. ಕಳ್ಳ ಜಾತಿ ಅದು."

"ಬೆಕ್ಕೇನು ಸಾಧುನಾ? ಔರಾದದ ಹಾಲೆಲ್ಲ ಯಾರು ಕುಡದ್ರಪಾ?"

"ಭಾಲ್ಕಿದವರು ನೀರು ಹಾಕಿ ಕೊಟ್ಟದ್ದಕ್ಕ ಬೆಕ್ಕು ಔರಾದಕ್ಕ ಬಂತ್ರಿ."

"ನಾಲಿಗಿ ಬಿಗಿ ಹಿಡದು ಮಾತಾಡು."

"ಗಲ್ಲ ಅಲುಗಾಡಿಸಬ್ಯಾಡೋ ತಮ್ಮಾ" ಅಂದೆ ನಾನು. ಅವ ಗಲ್ಲಷ್ಟೇ ಅಲ್ಲ, ಪೂರಾ ಎದ್ದ. ಟಾವೆಲ್ಲಿಂದ ನೊರಿ ಒರಸಿಕೊಂಡು ಮಾರ್ಕೆಟ್ಟಿಗೆ ಹೋದ.

ಸಂಜಿಕ ತಿರುಗಿ ಬಂದು ಕುರ್ಚ್ಯಾಗ ಕುಂತ.

"ಮಂದಿ ನಕ್ಕರೇನು?"

"ಇಲ್ಲ ದಾಜಿ. ಬಲಗಡಿ ನಿಂತವರು ಏನೂ ಅನ್ಲಿಲ್ಲ. ಎಡಗಡಿ ನಿಂತವರು ತಬ್ಬೇತ ಹ್ಯಾಂಗದ ಅಂತ ಕೇಳಿದ್ರು."

ಮಾವನ ಎಡಿ

ಪಿತೃಪಕ್ಷ ಬಂತು. ನಮ್ಮ ಕಡಿ ಮುತ್ತೈದಿಯಾಗಿ ಹೋದಾಕಿಗೆ ನವಮಿ ದಿನ ಎಡಿ ಇಡ್ತೇವಿ. ನನ್ನಾಕಿಗೆ ಇದು ಮೊದಲನೇದು. ಮಾಳಗಿ ಮ್ಯಾಲ ಎಲಿ ಇಟ್ಟು ಕಾಯಬೇಕು. ಕಾಗಿ ಬಂದು ಮುಟ್ಟಿದರ ಹೋದವರು ಉಂಡಂಗ. ಮುಟ್ಟಲಿಲ್ಲ ಅಂದ್ರ ಏನೋ ಆಸಿ ಉಳದದ ಅಂತ ಅರ್ಥ.

ಆಕಿ ತವರಿನವರಿಗೆ ಹೇಳಿಬರಲಿಕ್ಕ ಬಸ್ ಹತ್ತಿ ಔರಾದಕ್ಕ ಹೋದೆ. ಅಳಿಯನ ಹೆಂಡತಿ ಚಾ ಕೊಟ್ಟಳು. ಮಾರಿ ಗಂಟು ಹಾಕಿದ್ದಳು.

"ಏನವ್ವಾ?"

"ಏನು ಹೇಳಲಿ ಅಣ್ಣಾ. ಇವರು ಕಾಗಿಗೆ ರೊಟ್ಟಿ ಚೂರು ಹಾಕಗೊಡವಲ್ರು. ಫೈನಲ್ ಮುಗೀಲಿ ಅಂತಾರ. ಕಂಡಲ್ಲಿ ಹುಶ್ ಅಂತಾರ. ಮೊನ್ನಿ ನಮ್ಮ ಮಾವನ ಎಡಿ ಇಟ್ವಿ. ಒಂದು ಕಾಗಿನೂ ಬರ್ಲಿಲ್ಲ."

"ಆಮ್ಯಾಲ?"

"ಬೆಕ್ಕು ಬಂದು ತಿಂತು."

"ಛೇ. ಅವ ಏನಂದ?"

"ಖುಷಿ ಆದ್ರು. ಅಪ್ಪನೂ ನಮ್ಮ ಕಡೀನೇ ಇದ್ದಾನ ಅಂದ್ರು."

ನವಮಿ

ನವಮಿ ದಿನ ನನ್ನ ಮಾಳಗಿ ಮ್ಯಾಲ ನಾಕು ಮಂದಿ. ನಾನು, ಅಳಿಯ, ಅವನ ಹೆಂಡತಿ, ಕಂಡಕ್ಟರ್ ಸಾಹೇಬ್ರು. ಎಲಿ ಮ್ಯಾಲ ಹೋಳಿಗಿ, ಅನ್ನ, ಆಕಿಗೆ ಸೇರುವ ಪುಂಡಿ ಪಲ್ಯ. ವಿದ್ಯುತ್ ತಂತಿ ಮ್ಯಾಲ ಒಂದು ಕಾಗಿ ಕುಂತಿತ್ತು. ನೋಡ್ತಿತ್ತು. ಬರವಲ್ದು.

ನಾನು ಕೈ ಮುಗಿದೆ. "ಹೊತ್ತಿಗೆ ಉಣ್ತೇನಿ. ಗುಳಿಗಿ ತಪ್ಪಸಂಗಿಲ್ಲ."

ಬರಲಿಲ್ಲ.

ಅಳಿಯನ ಹೆಂಡತಿ ಕೈ ಮುಗಿದಳು. "ಅಕ್ಕಾ, ನಿಮ್ಮ ತುಳಸಿ ಒಣಗಗೊಡಂಗಿಲ್ಲ. ಬಂದಾಗೊಮ್ಮಿ ನೀರು ಹಾಕ್ತೇನಿ."

ಬರಲಿಲ್ಲ. ಬಿಸಲು ಏರಿತು. ಅನ್ನ ಒಣಗಿತು. ಕಾಗಿ ಮುಟ್ಟೋ ತನಕ ಯಾರೂ ಉಣ್ಣಂಗಿಲ್ಲ.

ಸಾಹೇಬ್ರು ಕೆಮ್ಮಿದರು. "ಕಾರಣ ನಾ ಹೇಳ್ತೇನಿ. ಕಾಗಿಗೆ ಬೈದವರು ಎದುರಿಗೇ ನಿಂತಾರ. ಅದು ಹ್ಯಾಂಗ ಬರ್ತದ?"

"ಆ ಕಾಗಿ ಬ್ಯಾರಿ, ಈ ಕಾಗಿ ಬ್ಯಾರಿ. ಬೀದರ ಕಾಗಿಗೆ ಆಸ್ಟ್ರೇಲಿಯಾದ್ದು ಏನು ಗೊತ್ತ್ರಿ?" ಅಂದ ಅಳಿಯ.

"ಔರಾದದವನಿಗೆ ಗೊತ್ತಾಗಿಲ್ಲೇನು? ಹಂಗೇ ಅದಕ್ಕೂ ಗೊತ್ತಾಗ್ಯದ. ಕಾಗಿ ಫೈನಲ್‌ಗ ಬರಲಿ ಅಂತ ಬಾಯಿಬಿಟ್ಟು ಹೇಳು, ನೋಡೋಣು."

"ಜೀವ ಹೋದ್ರೂ ಅನ್ನಂಗಿಲ್ಲ."

ಅಲ್ಲೂ ಶುರುವಾತು. ಎಲಿ ಮುಂದ ನಿಂತು ಇಬ್ಬರೂ ಸಿಂಹ ಅಂದರು, ಗಿಡಗ ಅಂದರು. ನಾನು ಎಲಿ ಬಾಜೂ ಕುಂತೆ. ಹೇಳಬೇಕಂದಿದ್ದು ಭಾಳ ಇತ್ತು. ಒಂದೇ ಬಂತು.

"ತಮ್ಮಾ, ನಿಮ್ಮಕ್ಕ ಹಸದಾಳ."

ಅವ ಎಲಿ ನೋಡಿದ. ಕಾಗಿ ನೋಡಿದ. ಟೊಪ್ಪಿಗಿ ತಗದು ಕೈ ಮುಗಿದ.

"ಕಾಗಿ ಫೈನಲ್‌ಗ ಬರಲಿ."

ಕಾಗಿ ತಂತಿ ಬಿಟ್ಟು ಮಾಳಗಿ ಗ್ವಾಡಿ ಮ್ಯಾಲ ಬಂದು ಕುಂತಿತು. ಮುಂದ ಬರಲಿಲ್ಲ.

"ಗೆಲ್ಲಲಿ ಅನ್ನು" ಅಂದರು ಸಾಹೇಬ್ರು, ಸಣ್ಣ ದನಿಯಾಗ.

"ಅದು ಆಗಂಗಿಲ್ಲ."

ಅವನ ಹೆಂಡತಿ ಬರೇ ನೋಡಿದಳು. ಅವ ಕಣ್ಣು ಮುಚ್ಚಿದ. "ಗೆಲ್ಲಲಿ" ಅಂದ.

ಕಾಗಿ ಇಳಿದು ಬಂತು. ಮೊದಲು ಪುಂಡಿ ಪಲ್ಯಕ್ಕೇ ಬಾಯಿ ಹಾಕಿತು. ನಾನು ಆ ಕಡಿ ಮಾರಿ ತಿರುವಿಕೊಂಡೆ.

ಎಲ್ಲಾರೂ ಉಣ್ಣಲಿಕ್ಕ ಕೆಳಗ ಇಳಿದರು. ಅಳಿಯ ಇಳಿಯಲಿಲ್ಲ. ಖಾಲಿ ಎಲಿ ಮುಂದ ತಲಿ ಬಗ್ಗಿಸಿ ಕುಂತಿದ್ದ. ಅಕ್ಕನ ನೆನಪಾಗಿರಬೇಕು ಅಂತ ನಾನೂ ಬಾಜೂ ಹೋಗಿ ಕುಂತೆ. ಹೆಗಲ ಮ್ಯಾಲ ಕೈ ಇಟ್ಟೆ.

"ಉಂಡಳಪಾ. ಸಮಾಧಾನ ಮಾಡ್ಕೋ."

"ಹೊಟ್ಟಿ ತುಂಬ ಉಂಡಳಲ್ಲ ದಾಜಿ?"

"ಉಂಡಳು."

ಅವ ಕಣ್ಣು ಒರಸಿಕೊಂಡ. ಮೆಟ್ಟಲ ಕಡಿ ನೋಡಿ, ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡ.

"ಹಂಗಾರ ಈಗ ನಾ ಅಂದ ಮಾತು ವಾಪಸ್ ತಗೊಂಡ್ರ ನಡೀತದಲ್ಲ?"