ಕೆಂಪು ಮಷಿನ್ನಿನ ಬಣ್ಣ ಕಾಯ್ದ ಕತಿ

ಸರ್ಕಾರಿ ವಸ್ತು ಕಾಯೋ ಕೆಲಸಕ್ಕ ಸೇರಿದವನಿಗೆ ನಗೋ ಪ್ರಸಂಗಕ್ಕ ಬರ ಇರಂಗಿಲ್ರಿ. ನಾನು ಕೂಡ್ಲಿಗಿ ಕಡಿ ಒಂದು ಐಬಿದಾಗ, ಅಂದ್ರ ಸರ್ಕಾರಿ ಅತಿಥಿಗೃಹದಾಗ, ದಿನಗೂಲಿ ಮಾಲಿ ಇದ್ದೆ. ಊರಿಗೆ ಎಸ್‌ಟಿಡಿ ಬೂತ್ ಹೊಸದಾಗಿ ಬಂದ ಕಾಲ. ಅದೇ ವರ್ಷ ನಮಗ ಹುಲ್ಲು ಕತ್ತರಿಸೋ ಪೆಟ್ರೋಲ್ ಮಷಿನ್ ಬಂತು. ಕೆಂಪಗ, ಮದಲಗಿತ್ತಿಯಂಗ ಹೊಳೀತಿತ್ತು.

ಓವರ್‌ಸೀಯರ್ ನನ್ನ ಕರೆದು ಹೇಳಿದ್ರು, "ನೋಡಪಾ, ಹಸಿ ಬಟ್ಟಿಲೆ ಒರಸು, ಒಣ ಬಟ್ಟಿಲೆ ಒರಸು, ನೆಳ್ಳಾಗ ಇಡು. ದೊಡ್ಡ ಸಾಹೇಬ್ರು ತಪಾಸಣಿಗೆ ಬರ್ತಾರ. ಬಣ್ಣ ಹೋಗಿದ್ರ ನೀ ಖಾಯಂ ಆಗೋ ಮಾತು ಮರತುಬಿಡು."

ಐದು ವರ್ಷದಿಂದ ಅದೊಂದಕ್ಕ ಕಾದಾವ ನಾನು.

೧. ಹುಣಸಿಹಣ್ಣು

ಮೊದಲ ದಿನ ಮಷಿನ್ ಓಡಿಸಿದೆ. ಹಸಿ ಹುಲ್ಲು, ಮಣ್ಣು ಎಲ್ಲಾ ಮೆತ್ತಿಕೊಂತು. ಊಟ ಮಾಡಿ ಒರಸಿದ್ರಾತು ಅಂತ ಐಬಿ ಹಿಂದಿನ ನಮ್ಮ ಮನಿ ಅಂಗಳದಾಗ ನಿಲ್ಲಿಸಿ ಒಂದು ಜೊಂಪು ತಗದೆ. ಎದ್ದು ನೋಡ್ತೀನಿ, ನನ್ನ ಹೆಂಡ್ತಿ ಹುಣಸಿಹಣ್ಣು, ಬೂದಿ, ತೆಂಗಿನ ನಾರು ತಗೊಂಡು ತಾಮ್ರದ ಕೊಡ ತಿಕ್ಕಿದಂಗ ಅದನ್ನ ತಿಕ್ಕಾಕ ಹತ್ಯಾಳ. ನನಗ ಕೆಲಸ ಕಮ್ಮಿ ಆಗ್ಲಿ ಅಂತ, ಪಾಪ. ಒಂದು ಮಗ್ಗಲಿಗೆ ಅಂಗೈ ಅಗಲ ಬಣ್ಣ ಹೋಗಿತ್ತು.

"ಏನ್ ಮಾಡಿದ್ಯೇ?" ಅಂದೆ.

"ಸುಮ್ನಿರ್ರಿ. ಒಳಗ ಬೆಳ್ಳಿಯಂಗ ಐತಿ. ಮ್ಯಾಲ ಬಣ್ಣ ಬಳದು ಯಾರಿಗೂ ಕಾಣದಂಗ ಮುಚ್ಚಿಟ್ಟಾರ," ಅಂದ್ಲು.

೨. ಶೇಂಗಾ ಎಣ್ಣಿ

ಸಂತಿಗೆ ಓಡಿದೆ. ಎತ್ತಿನ ಕೋಡಿಗೆ ಹಚ್ಚೋ ಕೆಂಪು ಬಣ್ಣ ತಂದು ಬಳದೆ. ಬಣ್ಣ ಕೂಡಿತು, ಹೊಳಪು ಬರಲಿಲ್ಲ. ಐಬಿ ಅಡಿಗಿಯವ, "ಶೇಂಗಾ ಎಣ್ಣಿ ಸವರು, ಕನ್ನಡಿ ಆಗ್ತೈತಿ," ಅಂದ. ಸವರಿ ಚಹಾ ಕುಡ್ಯಾಕ ಹೋದೆ. ಬರೋದ್ರಾಗ ಐಬಿ ನಾಯಿ ಮಷಿನ್ನಿನ ಮೂಲಿ ಮೂಲಿ ನೆಕ್ಕಾಕ ಹತ್ತಿತ್ತು. ಓಡಸಾಕ ಕಲ್ಲು ತಗೊಂಡ್ರ ಅಡಿಗಿಯವ ನನ್ನ ಕೈ ಹಿಡದ.

"ಬಿಡಲೇ, ನಿನ್ನ ಬಟ್ಟಿಗಿಂತ ಅದರ ನಾಲಿಗಿ ಚೊಲೊ ಒರಸ್ತೈತಿ."

೩. ಗುಡೇಕೋಟಿ ಕುರಿ

ಇನ್ನ ಮಷಿನ್ ಓಡಿಸಿದ್ರ ಇದ್ದ ಬಣ್ಣಾನೂ ಹೋದೀತು ಅಂತ ಕೌದಿ ಹೊಚ್ಚಿ ಶೆಡ್ಡಿನಾಗ ಇಟ್ಟೆ. ದಿನಾ ಕೌದಿ ತಗದು ಒರಸೋದು, ಮತ್ತ ಹೊಚ್ಚೋದು. ಆದ್ರ ಹುಲ್ಲು ನಮ್ಮ ಮಾತು ಕೇಳ್ತೈತೇನ್ರಿ? ಮೊಣಕಾಲಿನ ತನಕ ಬಂತು.

ಗುಡೇಕೋಟಿ ಕಡಿಯಿಂದ ಕುರಿ ಹೊಡಕೊಂಡು ಬಂದಿದ್ದ ಮುದುಕ ಒಬ್ಬ ಬೇಲಿ ಹೊರಗ ನಿಂತು, "ತಮ್ಮಾ, ನನ್ನ ಕುರಿ ಒಳಗ ಬಿಡ್ಲೇನು? ಹುಲ್ಲೂ ಹೋಗ್ತೈತಿ, ಗೊಬ್ಬರಾನೂ ಬೀಳ್ತೈತಿ," ಅಂದ. ನನಗ ದೇವ್ರು ಬಂದಂಗಾತು. ಅವು ಕ್ಷೌರ ಮಾಡಿದಂಗ ಸಮ ಮೇದ್ವು. ಅಲ್ಲಿಂದ ವಾರಕ್ಕೊಮ್ಮೆ ಅವೇ ಬಂದು ಮೇದು ಹೋಗ್ತಿದ್ವು.

ದೊಡ್ಡ ಸಾಹೇಬ್ರು ಬಂದ್ರು. ಹುಲ್ಲು ನೋಡಿ ಖುಷಿ ಆದ್ರು, ಮಷಿನ್ ನೋಡಿ ಇನ್ನೂ ಖುಷಿ ಆದ್ರು. ಕೋಡಿನ ಬಣ್ಣ ಅಂತ ಗೊತ್ತಾಗ್ಲಿಲ್ಲ. ಹುಲ್ಲಿನ ಮ್ಯಾಲ ಕುರ್ಚಿ ಹಾಕ್ಸಿ ಕೂತು, ನನ್ನ ಖಾಯಂ ಮಾಡೋ ಕಾಗದ ತರಿಸಿ ಪೆನ್ನು ತಗದ್ರು. ಪೆನ್ನಿನ ಟೋಪಿ ಕೆಳಗ ಬಿತ್ತು. ಎತ್ತಾಕ ಬಗ್ಗಿದವರ ಕೈಗೆ ಟೋಪಿ ಜೋಡಿ ನಾಕು ಕುರಿ ಹಿಕ್ಕಿ ಬಂದ್ವು.

"ಏನಪ್ಪಾ, ಪೆಟ್ರೋಲ್ ಕುಡಿಯೋ ಮಷಿನ್ನು ಇದನ್ನ ಹಾಕುತ್ತಾ?"

ಓವರ್‌ಸೀಯರ್ ಆಕಾಶ ನೋಡಾಕ ಹತ್ತಿದ್ರು. ನಾನು ಇದ್ದದ್ದು ಇದ್ದಂಗ ಹೇಳಿಬಿಟ್ಟೆ. ಸಾಹೇಬ್ರು ಸಹಿ ಮಾಡಾಕ ಪೆನ್ನು ಕಾಗದದ ಮ್ಯಾಲ ಇಟ್ಟು ನನ್ನ ಕಡಿ ನೋಡಿದ್ರು.

"ಹಾಗಾದ್ರೆ ನಾನು ಖಾಯಂ ಮಾಡಬೇಕಾದದ್ದು ನಿನ್ನನ್ನೋ, ಆ ಕುರಿಗಳನ್ನೋ?"

"ನನ್ನನ್ನ ಮಾಡ್ರಿ ಸಾಹೇಬ್ರ. ಕುರಿಗೆ ಮಷಿನ್ ಒರಸಾಕ ಬರಂಗಿಲ್ರಿ."

ಅವರು ನಕ್ಕ ನಗಿಗೆ ಸಹಿ ಸೊಟ್ಟ ಬಿತ್ತು. ಆ ಸೊಟ್ಟ ಸಹಿ ಮ್ಯಾಲ ನಾನು ಇಪ್ಪತ್ತು ವರ್ಷ ಪಗಾರ ತಗೊಂಡೆ.