ರಾಹುಕಾಲಕ್ಕೆ ಸಿಕ್ಕ ಕಂಪ್ಯೂಟರ್

ಸಿದ್ದಾಪುರ ಪೇಟೆಯಲ್ಲಿ ಪುರೋಹಿತರಿಗೆ ಬರವಿಲ್ಲ. ಆದರೆ ಇಸವಿ ಎರಡು ಸಾವಿರದ ಆಚೀಚೆ ಗುಂಡಿ ಒತ್ತಿ ಜಾತಕ ತೆಗೆಯುವ ಪುರೋಹಿತ ನಾನೊಬ್ಬನೇ. ಜನ ನನ್ನನ್ನು 'ಕಂಪ್ಯೂಟರ್ ಭಟ್ಟರು' ಎನ್ನುತ್ತಿದ್ದರು. ನನಗೆ ಅದು ಯಾವ ಬಿರುದಿಗೂ ಕಡಿಮೆಯಾಗಿರಲಿಲ್ಲ.

ಹೀಗಿರುವಾಗ ಕಂಪ್ಯೂಟರ್ ಕೊಟ್ಟ ಶಿರಸಿಯ ಅಂಗಡಿಯವನು ಹೊಸ ವಿಂಡೋಸ್ ಬಂದಿದೆ ಎಂದು ಒಂದು ಸಿ.ಡಿ. ಕೈಗಿತ್ತ. ಹಾಕಬೇಕೋ, ಬೇಡವೋ? ಹದಿನೈದು ದಿನ ನಿದ್ದೆಯಲ್ಲೂ ಅದೇ ಚಿಂತೆ. ನನ್ನ ಹೆಂಡತಿ ಸಾವಿತ್ರಿ ಜೋಯಿಸರ ಮಗಳು. "ಸರೀ ನಡೀತಾ ಇದ್ದಿದ್ನ ಎಂತಕ್ಕೆ ಮುಟ್ತ್ರಿ?" ಎಂದಳು. ಹೆಂಡತಿಯ ಮಾತು ಕೇಳುವ ಯೋಗ ನನ್ನ ಜಾತಕದಲ್ಲಿಲ್ಲ.

ಕೊನೆಗೆ ಶಾಸ್ತ್ರೋಕ್ತವಾಗಿ ಕಂಪ್ಯೂಟರಿನ ಜಾತಕವನ್ನೇ ತೆಗೆದೆ! ಅದಕ್ಕೆ ಮೊದಲ ಸಲ ಕರೆಂಟು ಕೊಟ್ಟ ಗಳಿಗೆಯೇ ಜನ್ಮಕಾಲ. ಅದನ್ನು ಅದಕ್ಕೇ ತುಂಬಿಸಿ ಕೇಳಿದರೆ, ದೀರ್ಘಾಯುಷ್ಯ, ಮಧ್ಯವಯಸ್ಸಿನಲ್ಲಿ ಉನ್ನತಿ ಎಂದು ಹೇಳಿತು. ಇನ್ನೇನು ಬೇಕು? ಬುಧವಾರ ಹನ್ನೊಂದೂಕಾಲಿಗೆ ಮುಹೂರ್ತ ಇಟ್ಟೆ. ಮರುದಿನ ಕಾನಸೂರಿನ ಹೆಗಡೆಯವರು ಮಗಳ ಮದುವೆಗೆ ಜಾತಕ ಕೂಡಿಸಲು ಬರುವವರಿದ್ದರು. ಅವರು ಉಳಿದ ಭಟ್ಟರನ್ನೆಲ್ಲ ಬಿಟ್ಟು ನನ್ನ ಯಂತ್ರವನ್ನು ನಂಬಿ ಬರುವವರು. ಹೊಸದರಲ್ಲೇ ತೋರಿಸಿ ದಂಗುಬಡಿಸಬೇಕೆಂಬುದು ನನ್ನ ಆಸೆ.

ಬುಧವಾರ ದೀಪ ಹಚ್ಚಿ, ಪರದೆಗೆ ಕುಂಕುಮವಿಟ್ಟು, ಸಿ.ಡಿ. ಒಳಗೆ ತಳ್ಳಿದೆ. ಇನ್ನು ಮೂವತ್ತೊಂಬತ್ತು ನಿಮಿಷ ಎಂದು ಬರೆದು ತೋರಿಸಿತು. ಹನ್ನೆರಡಕ್ಕೆ ರಾಹುಕಾಲ. ಅಷ್ಟರೊಳಗೆ ಮುಗಿಯುತ್ತದೆ ಎಂದು ಲೆಕ್ಕ ಹಾಕಿದೆ. ಆದರೆ ಅದರ ನಿಮಿಷ, ನಮ್ಮವರು 'ಈಗ ಬಂದೆ' ಎನ್ನುವಾಗಿನ ನಿಮಿಷ. ಹನ್ನೊಂದೂ ಐವತ್ತೆಂಟಾದರೂ ಇನ್ನೂ ಮೂವತ್ಮೂರು ಎನ್ನುತ್ತಿತ್ತು.

ಅಶುಭ ಗಳಿಗೆಯಲ್ಲಿ ಶುಭಕಾರ್ಯವೇ? ಗೋಡೆಯ ಸ್ವಿಚ್ಚು ಆರಿಸಿದೆ. ಉಳಿದ ಮೂವತ್ಮೂರು ನಿಮಿಷ ಒಂದೂವರೆಯ ಮೇಲೆ ಮಾಡಿದರಾಯಿತು ಎಂದು ನೆಮ್ಮದಿಯಿಂದ ಉಂಡೆ. ಎರಡು ಸಲ ಪಾಯಸ ಹಾಕಿಸಿಕೊಂಡೆ.

ಒಂದೂವರೆಗೆ ಸ್ವಿಚ್ಚು ಒತ್ತಿದರೆ ಕಪ್ಪು ಪರದೆ, ಮೇಲೆ ಬಿಳಿ ಇಂಗ್ಲಿಷಿನ ಒಂದು ಸಾಲು. ಮತ್ತೇನೂ ಇಲ್ಲ. ಸಹಸ್ರನಾಮ ಬಾಯಿಪಾಠ ಬರುವ ನನಗೆ ಆ ಒಂದು ಸಾಲಿನ ಅರ್ಥ ಆಗಲಿಲ್ಲ. ಶಿರಸಿಯ ಅಂಗಡಿಯವನಿಗೆ ಫೋನು ಮಾಡಿ ಅಕ್ಷರ ಅಕ್ಷರ ಓದಿ ಹೇಳಿದೆ. ನಡುವೆ ಯಾಕೆ ಬಂದ್ ಮಾಡಿದಿರಿ ಎಂದು ಕೇಳಿದ. ರಾಹುಕಾಲ ಬಂತು ಎಂದೆ.

"ಹಾಂಗಾದ್ರೆ ರಾಹುವಿನ ಹತ್ರನೇ ರಿಪೇರಿ ಮಾಡಿಸ್ಕೊಳ್ಳಿ ಭಟ್ರೇ" ಎಂದ. ಆಮೇಲೆ ಕನಿಕರ ಬಂದು, ತಂದುಕೊಡಿ, ಒಂದು ವಾರ ಬೇಕು ಎಂದ.

ಅಡುಗೆಮನೆಯಿಂದ ಸಾವಿತ್ರಿ ಇಷ್ಟೇ ಹೇಳಿದಳು: "ಮುಹೂರ್ತಕ್ಕೆ ಶುರು ಮಾಡಿದ್ಮೇಲೆ ರಾಹುಕಾಲ ನೋಡದು ಇಲ್ಲೆ ಹೇಳಿ ಊರಿಗೆಲ್ಲ ಹೇಳ್ತ್ರಿ ಅಲ್ದಾ?"

ನಿಜ. ಎಷ್ಟು ಮದುವೆ ಮಂಟಪಗಳಲ್ಲಿ ಇದೇ ಮಾತು ಹೇಳಿ ಧೈರ್ಯ ತುಂಬಿದ್ದೇನೋ! ಈಗ ನನಗೇ ಧೈರ್ಯ ಉಳಿದಿರಲಿಲ್ಲ. ನಾಳೆ ಹೆಗಡೆಯವರ ಎದುರು ಮಾನ ಹೋಗುವುದು ಖಚಿತವಾಗಿತ್ತು.

ಮರುದಿನ ಅವರು ಹತ್ತಕ್ಕೆ ಸರಿಯಾಗಿ ಬಂದರು. ಕಂಪ್ಯೂಟರಿಗೆ ಶಾಲು ಹೊದಿಸಿದ್ದೆ. ಅದಕ್ಕೆ ಸೂತಕ ಎಂದುಬಿಟ್ಟೆ. ಹೆಗಡೆಯವರು ಪಾಪ, ಎದ್ದು ಒಂದು ಮಾರು ದೂರ ಕುಳಿತರು. ಹುಡುಗ ಹುಡುಗಿ ಹುಟ್ಟಿದ ವೇಳೆ ಬರೆದ ಚೀಟಿ ಹಿಡಿದು ನಾನು ಬೆರಳು ಮಡಚತೊಡಗಿದೆ. ಗುಂಡಿ ಒತ್ತಿ ಒತ್ತಿ ಕೈಲೆಕ್ಕ ಪೂರ್ತಿ ಮರೆತುಹೋಗಿತ್ತು. ಹುಡುಗನ ನಕ್ಷತ್ರ ಇಪ್ಪತ್ತೆಂಟನೆಯದು ಬಂತು. ಇರುವುದೇ ಇಪ್ಪತ್ತೇಳು!

ಸಾವಿತ್ರಿ ತನ್ನ ಅಪ್ಪನ ಹಳೆಯ ಪಂಚಾಂಗಗಳ ಕಟ್ಟು ಅಟ್ಟದಿಂದ ಇಳಿಸಿದಳು. ಸಾಸಿವೆ ಸಿಡಿಯುವುದನ್ನು ನಡುವೆ ಒಮ್ಮೆ ನೋಡಿಬಂದು, ಅರ್ಧ ಗಂಟೆಯಲ್ಲಿ ಲೆಕ್ಕ ಮುಗಿಸಿದಳು. "ಚಲೋ ಕೂಡ್ತು ಹೆಗಡೇರೆ, ಮುಂದುವರಿಸಿ" ಎಂದಳು. ಅವರು ನನ್ನ ಕಡೆ ನೋಡಲೂ ಇಲ್ಲ. ಅವಳಿಗೆ ಕೈ ಮುಗಿದು ಹೋದರು.

ವಾರದ ಮೇಲೆ ಕಂಪ್ಯೂಟರು ಹೊಸ ವಿಂಡೋಸಿನೊಡನೆ ಮನೆಗೆ ಬಂತು. ಹಳೆಯ ಜಾತಕದ ಪ್ರೋಗ್ರಾಮು ಅದರಲ್ಲಿ ಓಡುವುದಿಲ್ಲ. ಇಸ್ಪೀಟಾಟ ಮಾತ್ರ ಚೆನ್ನಾಗಿ ಓಡುತ್ತದೆ. ಈಗ ಬಂದವರೆಲ್ಲ ಜಗುಲಿ ಹತ್ತುತ್ತಲೇ "ಭಟ್ರೇ, ಅಮ್ಮ ಇದ್ರಾ?" ಎನ್ನುತ್ತಾರೆ. ಇದ್ದಾಳೆ ಎಂದು ಒಳಗೆ ಕಳಿಸಿ ನಾನು ಆಟ ಮುಂದುವರಿಸುತ್ತೇನೆ. ರಾಹುಕಾಲ ಬಂದರೂ ನಿಲ್ಲಿಸುವುದಿಲ್ಲ. ಅರ್ಧಕ್ಕೆ ಬಿಟ್ಟರೆ ಸೋತ ಹಾಗೆ!